ನಿಮಗಿದು ಗೊತ್ತೇ? ತರಗುಪೇಟೆಯ ತಕ್ಕಡಿಗೆ ಸಿಗದ ಸಂಖ್ಯೆ

ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ಇಮ್ಮಡಿ ಮಾಡುತ್ತ 64 ಮನೆಗಳನ್ನೂ ತುಂಬಿಸಲು ಬೇಕಾಗುವ ಕಾಳುಗಳು ಒಟ್ಟು 1,84,46,74,40,73,70,95,51,615. ಬಹುಮಾನವಾಗಿ ಇಷ್ಟು ಕಾಳು ಕೇಳಿ ರಾಜನನ್ನು ಬೇಸ್ತು ಬೀಳಿಸಿದ ಜಾಣನ ಕಥೆ ಎಲ್ಲರಿಗೂ ಗೊತ್ತು. ಕಥೆ ಮುಗಿದ ಮೇಲೆ ಆ ಸಂಖ್ಯೆಯನ್ನು ಬಿಡಿಸಿ ನೋಡಿದವರು ಕಡಿಮೆ. ಕಥೆಗಿಂತ ಸಂಖ್ಯೆಯೇ ಹೆಚ್ಚು ಸೊಗಸಾಗಿದೆ, ಮತ್ತು ಅದನ್ನು ಬಿಡಿಸಲು ಕಾಗದ, ಪೆನ್ಸಿಲು ಸಾಕು. ಕಾಳಿನ ಲೆಕ್ಕವಾದ್ದರಿಂದ ತರಗುಪೇಟೆಯಿಂದಲೇ ಶುರು ಮಾಡೋಣ.

*

ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರಿನ ಪೇಟೆಗಳಲ್ಲಿ ಅರಳೆಗೆ ಅರಳೇಪೇಟೆ, ಬಳೆಗೆ ಬಳೇಪೇಟೆ, ಅಕ್ಕಿಗೆ ಅಕ್ಕಿಪೇಟೆ, ದವಸಧಾನ್ಯದ ಸಗಟು ವ್ಯಾಪಾರಕ್ಕೆ ತರಗುಪೇಟೆ. ಅಲ್ಲಿ ಕಾಳನ್ನು ಯಾರೂ ಎಣಿಸುವುದಿಲ್ಲ, ಮೂಟೆಯಲ್ಲಿ ಅಳೆಯುತ್ತಾರೆ. ದಪ್ಪ ಅಕ್ಕಿ ಗ್ರಾಮಿಗೆ ಸುಮಾರು 40 ಕಾಳು ಎಂದಿಟ್ಟುಕೊಳ್ಳಿ. 25 ಕಿಲೋ ಮೂಟೆಯೊಂದರಲ್ಲಿ 10 ಲಕ್ಷ ಕಾಳು.

ಚದುರಂಗದ ಮೊದಲ 20 ಮನೆಗಳ ಒಟ್ಟು ಕಾಳು 10,48,575. ಅಂದರೆ ಒಂದು ಮೂಟೆ, ಅದರ ಮೇಲೆ ಕಿಲೋಗಿಂತ ಚೂರು ಹೆಚ್ಚು. ಪಟದ ಮೂರರಲ್ಲೊಂದು ಭಾಗ ಮುಗಿಯುತ್ತ ಬಂದರೂ ಹಮಾಲಿಯ ಒಂದು ಹೆಗಲಿಗೆ ಸಾಕಾಗುವಷ್ಟೇ ಅಕ್ಕಿ! ಅರ್ಧ ಪಟಕ್ಕೆ, ಅಂದರೆ 32 ಮನೆಗಳಿಗೆ, 4,29,49,67,295 ಕಾಳು: ಸುಮಾರು 4,295 ಮೂಟೆ, 107 ಟನ್. ಹತ್ತು ಟನ್ನಿನ ಹನ್ನೊಂದು ಲಾರಿ. ತರಗುಪೇಟೆಗೆ ಇದೊಂದು ಲೆಕ್ಕವೇ ಅಲ್ಲ.

ಉಳಿದ ಅರ್ಧದಲ್ಲಿ ಇರುವುದು ಮೊದಲ ಅರ್ಧದ ಎರಡರಷ್ಟಲ್ಲ, ನೂರರಷ್ಟಲ್ಲ, 4,29,49,67,296 ಪಟ್ಟು. ಪೂರ್ತಿ ಪಟಕ್ಕೆ 18 ಲಕ್ಷ ಕೋಟಿಗೂ ಮೀರಿದ ಮೂಟೆಗಳು, ಸುಮಾರು 46,000 ಕೋಟಿ ಟನ್. ನಮ್ಮ ದೇಶ ಈಗ ವರ್ಷಕ್ಕೆ ಬೆಳೆಯುವ ಅಕ್ಕಿ ಸುಮಾರು 14 ಕೋಟಿ ಟನ್. ಒಂದು ಕಾಳೂ ತಿನ್ನದೆ ಕೂಡಿಟ್ಟರೆ ಮೂರು ಸಾವಿರ ವರ್ಷ ದಾಟಿದ ಮೇಲೆ ಪಟ ತುಂಬುತ್ತದೆ. ಅಕ್ಕಿ ಬೇಡ, ರಾಗಿಯೇ ಇರಲಿ ಅನ್ನುತ್ತೀರಾ? ರಾಗಿಕಾಳು ಇದರ ಹತ್ತನೇ ಒಂದು ಭಾಗ ತೂಗುತ್ತದೆ. ಆದರೆ ದೇಶದ ರಾಗಿ ಬೆಳೆ ವರ್ಷಕ್ಕೆ 20 ಲಕ್ಷ ಟನ್ನಿನ ಆಸುಪಾಸು. ಕಾಯಬೇಕಾದ ಕಾಲ 20,000 ವರ್ಷವನ್ನೂ ಮೀರುತ್ತದೆ!

*

ಚದುರಂಗದ ಈ ಸಂಖ್ಯೆ ಹುಟ್ಟಿದ್ದೇ ಎರಡರಿಂದ. 64 ಎರಡುಗಳನ್ನು ಒಂದರೊಡನೊಂದು ಗುಣಿಸಿ ಒಂದು ಕಳೆದರೆ ಬರುವುದು ಇದು. ಆದರೆ ಇದರ 20 ಅಂಕಿಗಳಲ್ಲಿ 2 ಎಂಬ ಅಂಕಿ ಒಮ್ಮೆಯೂ ಇಲ್ಲ. ಉಳಿದ ಒಂಬತ್ತು ಅಂಕಿಗಳೂ ಇವೆ. ಮೇಲಿನ ಸಾಲಿಗೆ ಹಿಂದಿರುಗಿ ಹುಡುಕಿ ನೋಡಿ.

*

ಕೊನೆಯ ಅಂಕಿ 5 ಯಾಕೆ? ಎರಡನ್ನು ಇಮ್ಮಡಿಸುತ್ತ ಹೋದರೆ ಬಿಡಿ ಸ್ಥಾನದಲ್ಲಿ 2, 4, 8, 6 ಮಾತ್ರ ಸುತ್ತುತ್ತಿರುತ್ತವೆ. 64 ನಾಲ್ಕರಿಂದ ಭಾಗವಾಗುವುದರಿಂದ ಸುತ್ತು 6ಕ್ಕೆ ನಿಲ್ಲುತ್ತದೆ. ಒಂದು ಕಳೆದರೆ 5.

*

ಇಷ್ಟು ದೊಡ್ಡ ಸಂಖ್ಯೆಯನ್ನು ಕನ್ನಡದಲ್ಲಿ ಓದುವುದು ಹೇಗೆ? "ಲಕ್ಷ ಕೋಟಿ ಕೋಟಿ" ಎಂದು ತಡವರಿಸಬೇಕಿಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ' 24 ಸ್ಥಾನಗಳಿಗೆ ಹೆಸರು ಕೊಟ್ಟಿದೆ. ಕೋಟಿಯ ಮೇಲೆ ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ನಮ್ಮ ಸಂಖ್ಯೆಗೆ 20 ಅಂಕಿ, ಆದ್ದರಿಂದ ಅದು ಮಹಾಶಂಖದಲ್ಲಿ ನಿಲ್ಲುತ್ತದೆ. ಗಟ್ಟಿಯಾಗಿ ಓದಿ: 1 ಮಹಾಶಂಖ, 8 ಶಂಖ, 4 ಮಹಾಕ್ಷೋಣಿ, 4 ಕ್ಷೋಣಿ, 6 ಮಹಾಪದ್ಮ, 7 ಪದ್ಮ, 4 ಮಹಾಖರ್ವ, 4 ಖರ್ವ, ನ್ಯರ್ಬುದ ಸೊನ್ನೆ, 7 ಅರ್ಬುದ, 3 ಶತಕೋಟಿ, 7 ದಶಕೋಟಿ, ಕೋಟಿ ಸೊನ್ನೆ, 9 ದಶಲಕ್ಷ, 5 ಲಕ್ಷ, 5 ದಶಸಹಸ್ರ, 1 ಸಹಸ್ರ, 6 ಶತ, 1 ದಶ, 5 ಏಕ. ಸಾವಿರ ವರ್ಷಕ್ಕೂ ಹಿಂದೆ ಈ ನೆಲದಲ್ಲಿ ಇಂಥ ಹೆಸರುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು ಅನ್ನುವುದು ನನಗೆ ಹೆಮ್ಮೆಯ ಸಂಗತಿ. ಶಾಲೆಯ ಮಗ್ಗಿ ಪುಸ್ತಕದ ಹಿಂಬದಿಯಲ್ಲಿ ಇವನ್ನು ಅಚ್ಚು ಹಾಕಬೇಕು.

ಅದೇ ಗ್ರಂಥದಲ್ಲಿ ಗುಣೋತ್ತರ ಶ್ರೇಢಿಯ ಮೊತ್ತ ಕಂಡುಹಿಡಿಯುವ ಕ್ರಮವೂ ಇದೆ. 64 ಮನೆಗಳನ್ನು ಒಂದೊಂದಾಗಿ ಕೂಡುತ್ತ ಕೂರಬೇಕಿಲ್ಲ. ಮನೆಗಳ ಸಂಖ್ಯೆಯನ್ನು ಅರ್ಧ ಮಾಡುತ್ತ ಇಳಿಯುವುದು, ವರ್ಗ ಮಾಡುತ್ತ ಏರುವುದು. 64ರ ಅರ್ಧ 32, ಆಮೇಲೆ 16, 8, 4, 2, 1: ಆರು ಹೆಜ್ಜೆ. ಈಗ 2ರಿಂದ ಹೊರಡಿ. ವರ್ಗ 4, ಅದರ ವರ್ಗ 16, ಆಮೇಲೆ 256, ಆಮೇಲೆ 65,536, ಆಮೇಲೆ 4,29,49,67,296. ಇದನ್ನು ಅದರಿಂದಲೇ ಇನ್ನೊಮ್ಮೆ ಗುಣಿಸಿ ಒಂದು ಕಳೆದರೆ ಲೆಕ್ಕ ಮುಗಿಯಿತು. ಆರೇ ಗುಣಾಕಾರ! ಈ ಅರ್ಧಿಸುವ ಉಪಾಯ ಮಹಾವೀರನಿಗಿಂತ ಹಳೆಯದು, ಪಿಂಗಳನ ಛಂದಸ್ಸೂತ್ರದಲ್ಲೇ ಇದೆ.

*

ಛಂದಸ್ಸಿಗೂ ಕಾಳಿನ ಲೆಕ್ಕಕ್ಕೂ ನಂಟೇನು? ಪದ್ಯದ ಪಾದದ ಪ್ರತಿ ಅಕ್ಷರ ಲಘುವಾಗಿರಬೇಕು ಇಲ್ಲವೇ ಗುರುವಾಗಿರಬೇಕು. ಒಂದು ಅಕ್ಷರಕ್ಕೆ ಎರಡು ಬಗೆ, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು. ಚದುರಂಗದ ಮನೆಗಳಂತೆಯೇ ಇಮ್ಮಡಿ. ಪಾದಕ್ಕೆ 20 ಅಕ್ಷರದ ಉತ್ಪಲಮಾಲೆ, ಮತ್ತೇಭವಿಕ್ರೀಡಿತಗಳು 10,48,576 ಸಾಧ್ಯತೆಗಳಲ್ಲಿ ಎರಡು. ಒಂದು ಮೂಟೆ ಅಕ್ಕಿಯಲ್ಲಿ ಇರುವಷ್ಟು ಕಾಳುಗಳಿಂದ ನಮ್ಮ ಕವಿಗಳು ಆರಿಸಿಕೊಂಡ ಎರಡು ಕಾಳು! ಚಂಪಕಮಾಲೆಗೂ ಸ್ರಗ್ಧರೆಗೂ 21 ಅಕ್ಷರ, ಸಾಧ್ಯತೆ 20,97,152. ಹತ್ತನೇ ಶತಮಾನದ ನಾಗವರ್ಮ 'ಛಂದೋಂಬುಧಿ'ಯಲ್ಲಿ ಈ ಸಾಧ್ಯತೆಗಳನ್ನು ಪಟ್ಟಿ ಮಾಡುವ ಪ್ರಸ್ತಾರ ಮೊದಲಾದ ಆರು ಲೆಕ್ಕಗಳನ್ನು, ಅಂದರೆ ಷಟ್‌ಪ್ರತ್ಯಯಗಳನ್ನು, ಕನ್ನಡದಲ್ಲೇ ಹೇಳಿದ್ದಾನೆ.

*

ಮಹಾವೀರಾಚಾರ್ಯನಿಗೆ ಎರಡು ಕಡೆಯಿಂದಲೂ ಒಂದೇ ಥರ ಓದಿಸಿಕೊಳ್ಳುವ ಸಂಖ್ಯೆಗಳೆಂದರೆ ಬಹಳ ಪ್ರೀತಿ. ಅವುಗಳನ್ನು ಕಂಠಾಭರಣ ಎಂದು ಕರೆದ. ನೀವೇ ಗುಣಿಸಿ ನೋಡಿ:

152207 × 73 = 11111111
27994681 × 441 = 12345654321
142857143 × 7 = 1000000001
333333666667 × 33 = 11000011000011

ಎರಡನೆಯದು ನನಗೆ ಅಚ್ಚುಮೆಚ್ಚು. ಯಂತ್ರವಿಲ್ಲದ ಕಾಲದಲ್ಲಿ ಆ 27994681 ಅನ್ನು ಹಿಂದಕ್ಕೆ ಭಾಗಿಸಿ ಹುಡುಕಿ ತೆಗೆದ ತಾಳ್ಮೆ ಎಂಥದ್ದು! ಈ ಗ್ರಂಥ 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಅಚ್ಚಾಯಿತು. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು. ಕೈಗೆ ಸಿಕ್ಕರೆ ಬಿಡಬೇಡಿ.

*

ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ ಮೊದಲಿಗ. ಅವನ ಕೃತಿಗಳಲ್ಲೊಂದರ ಹೆಸರು 'ವ್ಯವಹಾರಗಣಿತ'.

*

ಇಮ್ಮಡಿ ಮತ್ತು ಅರೆ ಹಳೆಯ ವ್ಯಾಪಾರದ ಉಸಿರಾಗಿದ್ದವು. ಅರೆ, ಕಾಲು, ಅರೆಕಾಲು, ವೀಸ: ಪ್ರತಿಯೊಂದೂ ಹಿಂದಿನದರ ಅರ್ಧ. ವೀಸವೆಂದರೆ ಹದಿನಾರರಲ್ಲಿ ಒಂದು, ಕಾಣಿಯೆಂದರೆ ಅರವತ್ತನಾಲ್ಕರಲ್ಲಿ ಒಂದು. ನಾಲ್ಕು ಚಟಾಕು ಪಾವು, ನಾಲ್ಕು ಪಾವು ಸೇರು. 1957ರ ಮಾರ್ಚ್ 31ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 4 ಕಾಸು, ಒಟ್ಟು 64. ಚದುರಂಗದ ಒಂದೊಂದು ಮನೆಗೂ ಒಂದೊಂದು ಕಾಸು ಇಟ್ಟರೆ ಸರಿಯಾಗಿ ಒಂದು ರೂಪಾಯಿ! ಮರುದಿನದಿಂದ ರೂಪಾಯಿಗೆ 100 ನಯೇಪೈಸೆ. ತಕ್ಕಡಿಯಲ್ಲಿ ಎರಡು ಸಮಪಾಲು ಮಾಡುವುದು ಸುಲಭ, ಹತ್ತು ಪಾಲು ಕಷ್ಟ. ಹಳಬರು ಎರಡರ ಲೆಕ್ಕ ಹಿಡಿದದ್ದು ಅದಕ್ಕೇ.

*

ಈಗ ಸಂಖ್ಯೆಯನ್ನು ಒಡೆಯೋಣ. ಇಡೀ ಅಂಕಣದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇದು, ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಯಾವುದೇ ಸಂಖ್ಯೆಯ ವರ್ಗದಿಂದ ಒಂದು ಕಳೆದರೆ, ಉಳಿಯುವುದು ಅದಕ್ಕಿಂತ ಒಂದು ಕಡಿಮೆ ಮತ್ತು ಒಂದು ಹೆಚ್ಚಿನ ಸಂಖ್ಯೆಗಳ ಗುಣಲಬ್ಧ. ಹತ್ತರ ವರ್ಗ 100, ಒಂದು ಕಳೆದರೆ 99, ಅದು 9 × 11. ಹೈಸ್ಕೂಲಿನ ಈ ಸೂತ್ರವನ್ನು ನಮ್ಮ ಸಂಖ್ಯೆಗೆ ಮತ್ತೆ ಮತ್ತೆ ಹಚ್ಚಿದರೆ ಅದು ಹೀಗೆ ಬಿಚ್ಚಿಕೊಳ್ಳುತ್ತದೆ: 3 × 5 × 17 × 257 × 65537 × 4294967297. ಮೊದಲ ಎರಡನ್ನು ಗುಣಿಸಿದರೆ 15, ಪಟದ ನಾಲ್ಕು ಮನೆಗಳ ಮೊತ್ತ. ಮೂರನ್ನು ಗುಣಿಸಿದರೆ 255, ಒಂದು ಸಾಲಿನ ಎಂಟು ಮನೆಗಳ ಮೊತ್ತ. ನಾಲ್ಕನ್ನು ಗುಣಿಸಿದರೆ 65,535, ಎರಡು ಸಾಲು. ಐದನ್ನು ಗುಣಿಸಿದರೆ ಅರ್ಧ ಪಟ.

3, 5, 17, 257, 65537 ಐದೂ ಅವಿಭಾಜ್ಯ ಸಂಖ್ಯೆಗಳು. ಆರನೆಯದು? 1640ರ ಸುಮಾರಿಗೆ ಫ್ರಾನ್ಸಿನ ಪಿಯರ್ ದ ಫರ್ಮಾ ಈ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯವೇ ಇರಬೇಕು ಎಂದು ನಂಬಿದ. ಸುಮಾರು ತೊಂಬತ್ತು ವರ್ಷ ಆ ಮಾತು ಹಾಗೇ ನಿಂತಿತ್ತು. 1732ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದ: 4294967297 = 641 × 6700417.

641 ಹೇಗೆ ಸಿಕ್ಕಿತು? ಈ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ ಶೇಷ 1 ಇರಲೇಬೇಕು ಎಂದು ಆಯ್ಲರನೇ ಸಾಧಿಸಿದ್ದಾನೆ. ಮತ್ತೆ 64! ಅಂಥ ಅವಿಭಾಜ್ಯಗಳು 193, 257, 449, 577, 641. ಐದನೆಯದೇ ಉತ್ತರ. ನೂರಾರು ಭಾಗಾಕಾರಗಳ ಕೆಲಸ ಐದಕ್ಕೆ ಇಳಿಯಿತು.

ಭಾಗಾಕಾರವನ್ನೇ ಮಾಡದೆ ಇದನ್ನು ನೋಡುವ ದಾರಿಯೂ ಉಂಟು. 641 ಅಂದರೆ 5 × 2⁷ + 1. ಅದೇ 641 ಅಂದರೆ 625 + 16, ಅಂದರೆ 5⁴ + 2⁴. ಮೊದಲನೆಯದರ ಪ್ರಕಾರ 5 × 2⁷ ಅನ್ನು 641ರಿಂದ ಭಾಗಿಸಿದರೆ ಒಂದು ಕೊರೆಯಾಗುತ್ತದೆ, ಶೇಷ −1 ಎನ್ನಿ. ಅದರ ನಾಲ್ಕನೇ ಘಾತ ತೆಗೆದರೆ 5⁴ × 2²⁸, ಶೇಷ 1. ಎರಡನೆಯದರ ಪ್ರಕಾರ 5⁴ರ ಜಾಗದಲ್ಲಿ −2⁴ ಇಡಬಹುದು. ಇಟ್ಟರೆ −2³²ರ ಶೇಷ 1. ಅಂದಮೇಲೆ 2³² + 1ರ ಶೇಷ ಸೊನ್ನೆ. ನಾಲ್ಕೇ ಸಾಲು. ಹತ್ತಂಕಿಯ ಸಂಖ್ಯೆ ಮುರಿದು ಬಿತ್ತು. ಇದನ್ನು ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಬರೆದು ತೋರಿಸದೆ ಬಿಡುವುದು ಅನ್ಯಾಯ.

*

ಹಾಗಾಗಿ ನಮ್ಮ ಸಂಖ್ಯೆಯ ಪೂರ್ಣ ಅಪವರ್ತನ: 3 × 5 × 17 × 257 × 641 × 65537 × 6700417. ಏಳು ಅವಿಭಾಜ್ಯಗಳು, ಯಾವುದೂ ಎರಡು ಸಲ ಬಂದಿಲ್ಲ. ಒಂದೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು, ಆದ್ದರಿಂದ ಇದನ್ನು ಸರಿಯಾಗಿ ಭಾಗಿಸುವ ಸಂಖ್ಯೆಗಳು 128. ಅದೂ ಎರಡರ ಘಾತವೇ.

*

ಮೂವರಿಗೆ, ಐವರಿಗೆ, ಹದಿನೈದು ಜನಕ್ಕೆ, ಹದಿನೇಳು ಜನಕ್ಕೆ ಈ ಅಕ್ಕಿಯನ್ನು ಸಮನಾಗಿ ಹಂಚಬಹುದು. ಏಳು ಜನ ಬಂದರೆ ಒಂದು ಕಾಳು ಮಿಗುತ್ತದೆ. ಹನ್ನೊಂದು ಜನ ಬಂದರೆ ನಾಲ್ಕು, ಹದಿಮೂರು ಜನ ಬಂದರೆ ಎರಡು. ಅಂಕಿಗಳ ಮೊತ್ತ 87, ಮೂರರಿಂದ ಭಾಗವಾಗುತ್ತದೆ, ಒಂಬತ್ತರಿಂದ ಇಲ್ಲ. ಒಂಬತ್ತು ಜನಕ್ಕೆ ಹಂಚಿದರೆ ಆರು ಕಾಳು ಉಳಿಯುತ್ತದೆ.

*

ಅರ್ಧ ಪಟದ ಕಾಳುಗಳ ಸಂಖ್ಯೆಗೆ ರೇಖಾಗಣಿತದಲ್ಲಿ ದೊಡ್ಡ ಗೌರವವಿದೆ. ಬರೀ ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿ ಹಿಡಿದು ಯಾವ ಯಾವ ಸಮ ಬಹುಭುಜಗಳನ್ನು ಎಳೆಯಬಹುದು? 1796ರಲ್ಲಿ, 19 ತುಂಬುವ ಮೊದಲೇ, ಗಣಿತಜ್ಞ ಗೌಸ್ 17 ಬದಿಯದನ್ನು ಎಳೆಯಬಹುದೆಂದು ಕಂಡುಕೊಂಡ. ಬದಿಗಳ ಸಂಖ್ಯೆ ಬೆಸವಾಗಿದ್ದರೆ ಅದು 3, 5, 17, 257, 65537ರಂಥ ಅವಿಭಾಜ್ಯಗಳಿಂದ, ಒಂದೊಂದನ್ನು ಒಂದೇ ಸಲ ಬಳಸಿ ಆಗಿರಬೇಕು. ಇಂಥ 31 ಬೆಸ ಬಹುಭುಜಗಳು ಈವರೆಗೆ ಗೊತ್ತು. ಅತಿ ಚಿಕ್ಕದು ತ್ರಿಭುಜ. ಅತಿ ದೊಡ್ಡದರ ಬದಿಗಳು 4,29,49,67,295. ಹೌದು, ಹನ್ನೊಂದು ಲಾರಿಯ ಅಕ್ಕಿಯಲ್ಲಿ ಇರುವಷ್ಟೇ ಕಾಳು.

*

31 ಮನೆಗಳ ಮೊತ್ತ 2,14,74,83,647. ಇದು ಅವಿಭಾಜ್ಯ, 1772ರಲ್ಲಿ ಸಾಧಿಸಿದವನು ಮತ್ತೆ ಆಯ್ಲರನೇ. ಹಳೆಯ ಕಂಪ್ಯೂಟರುಗಳಲ್ಲಿ ಕಾಲದ ಎಣಿಕೆ ನಿಲ್ಲುವ ಗಡಿಯೂ ಇದೇ. 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತ ಬಂದ 32 ಬಿಟ್ ಗಡಿಯಾರಗಳು ನಮ್ಮ ಸಮಯ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಸಂಖ್ಯೆ ಮುಟ್ಟುತ್ತವೆ. ಅಷ್ಟರಲ್ಲಿ ಅವನ್ನು ಬದಲಿಸಬೇಕು.

64 ಬಿಟ್ಟಿನಲ್ಲಿ ಬರೆಯಬಹುದಾದ ಅತಿ ದೊಡ್ಡ ಪೂರ್ಣಾಂಕ ಚದುರಂಗದ ಪೂರ್ತಿ ಮೊತ್ತವೇ: ಸಾಲಾಗಿ 64 ಒಂದುಗಳು. ಇನ್ನೊಂದು ಕೂಡಿದರೆ ಸ್ಕೂಟರಿನ ಮೀಟರು ತಿರುಗಿದಂತೆ ಎಲ್ಲವೂ ಸೊನ್ನೆ. ಆದರೆ ಸೆಕೆಂಡಿಗೆ ಒಂದರಂತೆ ಎಣಿಸಿ ಅಲ್ಲಿಗೆ ಮುಟ್ಟಲು 58,400 ಕೋಟಿ ವರ್ಷ ಬೇಕು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ.

*

ಪಿನ್ ಕೋಡ್ ಕೂಡ ಒಂದು ಪೂರ್ಣಾಂಕ. ಹೊಸ ತರಗುಪೇಟೆಯ 560002 ಅನ್ನು ಒಡೆದರೆ 2 × 280001. ಆ 280001 ಅವಿಭಾಜ್ಯ.

*

ಚದುರಂಗದ ಕಾಳಿನ ಕಥೆ ಎಲ್ಲೆಲ್ಲಿ ಸುತ್ತಿದೆ ನೋಡಿ. ಅಲ್ ಬಿರೂನಿ ಸುಮಾರು 1000ದಲ್ಲೇ ವರ್ಗ ಮಾಡುತ್ತ ಈ ಮೊತ್ತ ತೆಗೆಯುವ ಕ್ರಮವನ್ನು ಬರೆದ. ಕೇರಳದ ಅಂಬಲಪ್ಪುಳದಲ್ಲಿ ಚದುರಂಗದಲ್ಲಿ ಸೋತ ರಾಜ ಕೃಷ್ಣನಿಗೆ ತೀರಿಸಬೇಕಾದ ಅಕ್ಕಿಯ ಸಾಲವೇ ಇಂದಿಗೂ ದೇವಸ್ಥಾನದ ಪಾಲ್ಪಾಯಸವಾಗಿ ಸಲ್ಲುತ್ತಿದೆ ಎಂಬ ಐತಿಹ್ಯ. 1883ರಲ್ಲಿ ಎದುವಾರ್ ಲೂಕಾ ಎಂಬ ಫ್ರೆಂಚ್ ಗಣಿತಜ್ಞ ಒಂದು ಆಟಿಕೆ ಮಾರಾಟಕ್ಕೆ ತಂದ. ಕಾಶಿಯ ದೇವಾಲಯದಲ್ಲಿ 64 ಚಿನ್ನದ ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಾರೆ ಎಂಬ ಕಥೆ ಅದಕ್ಕೆ ಅಂಟಿಕೊಂಡಿತು. ಬೇಕಾಗುವ ನಡೆಗಳು ಎಷ್ಟು? ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ, ನಮ್ಮ ಸಂಖ್ಯೆಯೇ.

*

ಚದುರಂಗದ ಗಣಿತದಲ್ಲಿ ಮೈಸೂರಿನ ಹೆಸರು ದೊಡ್ಡದು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕುದುರೆಯ ನಡೆಯ ಬಂಧಗಳೆಂದರೆ ಪ್ರಾಣ. 12 × 12 ಮನೆಗಳ ಪಟದಲ್ಲಿ ಕುದುರೆ ಒಂದೊಂದು ಮನೆಯನ್ನೂ ಒಂದೇ ಸಲ ಮುಟ್ಟುತ್ತ 1ರಿಂದ 144ರವರೆಗೆ ಅಂಕಿ ಬರೆದರೆ, ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು ಕೂಡಿದಾಗ 870 ಬರುವ ಬಂಧವೊಂದು ಅವರದು. ಚದುರಂಗದ ಇತಿಹಾಸಕಾರ ಮರ್ರೆ ಅದನ್ನು ಗುರುತಿಸಿದ್ದಾನೆ. ಸಾಮಾನ್ಯ 64 ಮನೆಯ ಪಟದಲ್ಲಿ ಕುದುರೆ ಹೊರಟಲ್ಲಿಗೇ ಬಂದು ಸೇರುವ ದಾರಿಗಳು ಒಟ್ಟು 1,32,67,36,44,10,532.

*

ಮಹಾವೀರನ 24 ಹೆಸರುಗಳೂ ಸಾಲದೆ ಹೋದ ದಿನವೊಂದಿದೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರಿಗೆ ಕಂಪ್ಯೂಟರ್ ವಿಭಾಗದವರು ಆರಿಸಿದ ಎರಡು ಸಂಖ್ಯೆಗಳನ್ನು ಗುಣಿಸಲು ಕೊಟ್ಟರು: 7686369774870 ಮತ್ತು 2465099745779. 28 ಸೆಕೆಂಡಿನಲ್ಲಿ ಅವರು ಹೇಳಿದ ಉತ್ತರ 18947668177995426462773730. ಇಪ್ಪತ್ತಾರು ಅಂಕಿ, 189 ಮಹಾಕ್ಷೋಭಕ್ಕೂ ಹೆಚ್ಚು.

ಒಂಬತ್ತು ತೆಗೆಯುವ ಹಳೆಯ ತಾಳೆಯಿಂದ ಪರೀಕ್ಷಿಸಿ. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಒಂಬತ್ತುಗಳನ್ನು ತೆಗೆದರೆ 6. ಎರಡನೆಯದು 74, ಉಳಿಯುವುದು 2. ಗುಣಿಸಿದರೆ 12, ಒಂಬತ್ತು ತೆಗೆದರೆ 3. ಉತ್ತರದ ಅಂಕಿಗಳ ಮೊತ್ತ 138, ಒಂಬತ್ತು ತೆಗೆದರೆ 3. ತಾಳೆಯಾಯಿತು. ಈ ಪರೀಕ್ಷೆಗೇ ನಮಗೆ 28 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

*

ಚದುರಂಗದ ಮೊತ್ತಕ್ಕೆ ಇನ್ನೆರಡೇ ಕಾಳು ಸೇರಿಸಿ: 18446744073709551617. ಫರ್ಮಾನ ಸಾಲಿನ ಮುಂದಿನ ಸಂಖ್ಯೆ ಇದೇ. 1880ರಲ್ಲಿ ಇದನ್ನು ಒಡೆದು ಪ್ರಕಟಿಸಿದ ಗಣಿತಜ್ಞ ಲಾಂದ್ರಿಗೆ ಆಗ 82 ವರ್ಷ: 274177 × 67280421310721. ಈ ಸಾಲಿನಲ್ಲಿ 65537 ಆದ ಮೇಲೆ ಇನ್ನೊಂದೇ ಒಂದು ಅವಿಭಾಜ್ಯವೂ ಈವರೆಗೆ ಸಿಕ್ಕಿಲ್ಲ. 65537ರ ಮುಂದೆ, 2ನ್ನು ಮತ್ತೆ ಮತ್ತೆ 32 ಸಲ ವರ್ಗ ಮಾಡಿ ಒಂದು ಕೂಡುವವರೆಗಿನ ಎಲ್ಲವೂ ವಿಭಾಜ್ಯವೆಂದು ಗೊತ್ತಾಗಿದೆ. 33ನೆಯ ವರ್ಗಕ್ಕೆ ಒಂದು ಕೂಡಿದ ಸಂಖ್ಯೆಗೆ 258 ಕೋಟಿ ಅಂಕಿಗಳಿವೆ. ಅದು ಅವಿಭಾಜ್ಯವೋ ಅಲ್ಲವೋ ಜಗತ್ತಿನಲ್ಲಿ ಇನ್ನೂ ಯಾರೂ ತೀರ್ಮಾನಿಸಿಲ್ಲ.